ಚಿಗವ್ವನ ನಲವತ್ತು ನಿಮಿಷ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಊರುಗಳಲ್ಲಿ ನಮ್ಮ ಚಿಗವ್ವ ಕೂತು ನೋಡದೆ ಬಿಟ್ಟ ಜಾಗವೊಂದಿದ್ದರೆ ಅದು ಪೊಲೀಸ್ ಠಾಣೆಯ ಲಾಕಪ್ಪು ಮಾತ್ರ. ಅಲ್ಲಿಯೂ ಒಮ್ಮೆ ಕೂತು, ನೆರಳು ಹೇಗಿದೆ, ಗಾಳಿ ಹೇಗಿದೆ ಎಂದು ಅಂಕ ಕೊಟ್ಟು ಬರುವ ಆಸೆ ಅವಳಿಗಿದೆ ಎಂದು ನನಗೆ ಗುಮಾನಿ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಅವಳ ಈ ಚಟದಿಂದ ನನ್ನ ನೌಕರಿಯೇ ಹೋಗುವುದರಲ್ಲಿತ್ತು! ನಮ್ಮ ಸಾಹೇಬರ ಮರ್ಯಾದೆಯಂತೂ ಹೋಗುವ ಅಂಚಿಗೆ ಬಂದಿತ್ತು. ಕೊನೆಯ ಗಳಿಗೆಯಲ್ಲಿ ಅವರು ಓಡಿ ಉಳಿಸಿಕೊಂಡರು. ಆ ಓಟದ ವಿಷಯ ಮುಂದೆ ಹೇಳುತ್ತೇನೆ, ಅವಸರ ಮಾಡಬೇಡಿ.

ಚಿಗವ್ವ ಎಂದರೆ ನಮ್ಮ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಮನೆ ಮಸ್ಕಿಯಲ್ಲಿ. ಮೂವತ್ತೆರಡು ವರ್ಷ ಸರಕಾರಿ ನರ್ಸಮ್ಮನಾಗಿ ಹಳ್ಳಿ ಹಳ್ಳಿ ಸುತ್ತಿದವಳು. ಈ ಭಾಗದ ಅರ್ಧ ಜನರನ್ನು ಭೂಮಿಗೆ ಬರಮಾಡಿಕೊಂಡವಳು ಅವಳೇ, ಉಳಿದರ್ಧ ಜನರಿಗೆ ಸೂಜಿ ಚುಚ್ಚಿದವಳೂ ಅವಳೇ. ಹೀಗಾಗಿ ಅವಳೊಂದಿಗೆ ವಾದ ಮಾಡುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ದಪ್ಪ ಮೀಸೆಯ ಗಂಡಸರು ಕೂಡ ಅವಳು ಎದುರಾದರೆ ತಮಗೆ ಗೊತ್ತಿಲ್ಲದಂತೆ ಎಡತೋಳು ಸವರಿಕೊಳ್ಳುವುದನ್ನು ನಾನೇ ಕಂಡಿದ್ದೇನೆ.

ನಿವೃತ್ತಿಯಾದ ಮೇಲೆ ಜನ ಏನು ಮಾಡುತ್ತಾರೆ? ಕಾಶಿಗೆ ಹೋಗುತ್ತಾರೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ, ಸೊಸೆಯ ಸಾರಿನಲ್ಲಿ ಉಪ್ಪು ಹುಡುಕುತ್ತಾರೆ. ನಮ್ಮ ಚಿಗವ್ವ ಕರೆಂಟಿನ ಕಾರು ಕೊಂಡಳು! ಡ್ರೈವಿಂಗೂ ಕಲಿತಳು. ಕಲಿಸಲು ಬಂದವನು ಮೂರನೇ ದಿನ ಬಿ.ಪಿ. ತೋರಿಸಿಕೊಂಡದ್ದು ಅವಳ ಹತ್ತಿರವೇ. "ಈ ವಯಸ್ಸಿನ್ಯಾಗ ನಿನಗ್ಯಾಕ ಬೇಕಿತ್ತು ಚಿಗವ್ವಾ" ಎಂದು ಕೇಳಿದೆ.

"ಮೂವತ್ತೆರಡು ವರ್ಸ ನಾ ಬಸ್ಸಿಗೆ ಕಾದೀನಿ. ಇನ್ನ ಬಸ್ಸು ನನಗ ಕಾಯಲಿ" ಎಂದಳು.

ಆ ಕಾರನ್ನು ಅವಳು ಕಾರೆಂದು ತಿಳಿದಿದ್ದರೆ ತಾನೆ! ಅವಳ ಮಟ್ಟಿಗೆ ಅದು ವಾರ್ಡಿನಲ್ಲಿ ಮಲಗಿದ ರೋಗಿ. ಚಾರ್ಜಿಗೆ ಹಾಕುವುದಕ್ಕೆ ಅವಳು ಹೇಳುವುದು "ಸಲಾಯಿನ್ ಹಚ್ಚೂದು" ಎಂದು. ವಯರನ್ನು ಸಿಕ್ಕಿಸಿ, ಒಂದು ನಿಮಿಷ ಪಕ್ಕದಲ್ಲೇ ನಿಂತು, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ಆಮೇಲೆ ಒಳಗೆ ಹೋಗುತ್ತಾಳೆ. ಕೇಸ್‌ಶೀಟು ಬರೆಯುವುದು ಕಾಕಾನ ಕೆಲಸ. ಕಾಕಾ ಅಂದರೆ ಅವಳ ಗಂಡ, ನಿವೃತ್ತ ಗಣಿತದ ಮೇಷ್ಟ್ರು. ಎಷ್ಟು ಗಂಟೆಗೆ ಎಷ್ಟು ಪರ್ಸೆಂಟು, ಏರಿತೋ ಇಳಿಯಿತೋ, ಎಲ್ಲವನ್ನೂ ಅವರು ಹಿಂದಿನ ಸೀಟಿನಲ್ಲಿ ಕೂತು ನೂರು ಹಾಳೆಯ ನೋಟುಬುಕ್ಕಿನಲ್ಲಿ ದುಂಡಗೆ ಬರೆಯುತ್ತಾರೆ. ಮುಂದಿನ ಸೀಟಿನಲ್ಲಿ ಅವರಿಗೆ ಜಾಗವಿಲ್ಲ. ಅಲ್ಲಿ ಚಿಗವ್ವನ ನೀಲಿ ಪ್ಲಾಸ್ಟಿಕ್ ಕುರ್ಚಿ ಕೂರುತ್ತದೆ, ಸೀಟುಬೆಲ್ಟು ಹಾಕಿಕೊಂಡು.

ಈಗ ನನ್ನ ವಿಷಯಕ್ಕೆ ಬರೋಣ. ಕರೆಂಟಿನ ಕಾರುಗಳಿಗೆ ರಸ್ತೆ ಬದಿಯಲ್ಲಿ ಚಾರ್ಜರು ಹಾಕುವ ಒಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ಮನೆಯ ಪ್ಲಗ್ಗಿನಲ್ಲಿ ಕಾರಿನ ಹೊಟ್ಟೆ ತುಂಬಲು ಇಡೀ ರಾತ್ರಿ ಬೇಕು. ಕಂಪನಿಯ ದೊಡ್ಡ ಚಾರ್ಜರಿನಲ್ಲಾದರೆ ಸುಮಾರು ನಲವತ್ತು ನಿಮಿಷ. ಮೂರೂ ಊರುಗಳಿಗೆ ಸೇರಿ ಈ ವರ್ಷ ಒಂದೇ ಒಂದು ಚಾರ್ಜರು, ಅದನ್ನು ಎಲ್ಲಿ ಹಾಕಬೇಕೆಂದು ಸರ್ವೆ ಮಾಡಿ ಬರೆದುಕೊಡು ಎಂದು ಬೆಂಗಳೂರಿನ ಸಾಹೇಬರು ನನಗೆ ಹೇಳಿದರು. ಜಾಗ ಕೊಡುತ್ತೇವೆಂದು ಅರ್ಜಿ ಹಾಕಿದವರು ಇಬ್ಬರು: ಸಿಂಧನೂರಿನಾಚೆ ಜವಳಗೇರಾ ಕಡೆಯ ಒಂದು ರೈಸ್‌ಮಿಲ್ಲಿನವರು, ಲಿಂಗಸುಗೂರಿನ ಒಂದು ಹೊಸ ಹೋಟೆಲಿನವರು. ಮಸ್ಕಿಯಿಂದ ಯಾರೂ ಅರ್ಜಿ ಹಾಕಿರಲಿಲ್ಲ. "ಮಸ್ಕಿ ಚಿಕ್ಕ ಊರು, ಬಿಟ್ಬಿಡಿ" ಎಂದಿದ್ದರು ಸಾಹೇಬರು.

ಕರೆಂಟಿನ ಕಾರಿಗೆ ಜಾಗ ಹುಡುಕಲು ಕರೆಂಟಿನ ಕಾರಿನಲ್ಲೇ ಹೋದರೆ ಶೋಭೆ ಎಂಬ ಬುದ್ಧಿ ನನಗೆ ಬಂತು. ಗ್ರಹಚಾರ ಎನ್ನುವುದು ಹೀಗೆ ಬುದ್ಧಿಯ ವೇಷ ಹಾಕಿಕೊಂಡೇ ಬರುತ್ತದೆ. ಚಿಗವ್ವನಿಗೆ ಫೋನು ಮಾಡಿದೆ.

"ಬರ್ತೀನಿ. ಆದ್ರ ಒಂದು ಕರಾರು" ಎಂದಳು. "ಪ್ರತಿಯೊಂದು ಜಾಗದಾಗ ನಾ ನಲವತ್ತು ನಿಮಿಷ ಕುಂದ್ರತೀನಿ. ನಾ ಎದ್ದ ಮ್ಯಾಲೆ ನೀ ಬರಿ."

"ಕುಂದ್ರೂದು ಯಾಕ?"

"ಗಾಡಿಗೆ ಸಲಾಯಿನ್ ಹಚ್ಚಿದ್ರ ಗಾಡಿಯಾಗಿದ್ದವರು ಎಲ್ಲಿ ಹೋಗಬೇಕಲೇ? ನಿನ್ನ ಫಾರಮಿನ್ಯಾಗ ಅದನ್ನ ಬರದಾರೇನು?"

ಬರೆದಿರಲಿಲ್ಲ. ನನ್ನ ಫಾರಮಿನಲ್ಲಿ ನಾಲ್ಕು ಕಲಂ ಇದ್ದವು: ವಿದ್ಯುತ್ತು, ರಸ್ತೆ, ಜಾಗದ ಕಾಗದಪತ್ರ, ಮೊಬೈಲ್ ಸಿಗ್ನಲ್ಲು. ಹೊರಡುವ ದಿನ ಅವಳ ಮನೆಗೆ ಹೋದಾಗ ಚಿಗವ್ವ ಕಾಕಾನ ಪೆನ್ನು ಇಸಿದುಕೊಂಡು ಅದರಲ್ಲಿ ಐದನೆಯ ಗೆರೆ ಎಳೆದಳು. ತಲೆಯಲ್ಲಿ "ಕುಂದ್ರೂದು" ಎಂದು ಬರೆದಳು. ಹತ್ತಕ್ಕೆ ಅಂಕ. ನೆರಳಿಗೆ ಮೂರು, ಬೆನ್ನಿಗೊಂದು ಆಸರೆಗೆ ಎರಡು, ಹೆಣ್ಣುಮಕ್ಕಳು ಹೋಗುವಂಥ ಪಾಯಖಾನೆಗೆ ಐದು.

"ಚಿಗವ್ವಾ, ಇದು ಕಂಪನಿ ಕಾಗದ" ಎಂದೆ.

"ಕಂಪನಿಯವರ ಮನ್ಯಾಗ ಹೆಣ್ಣಮಕ್ಕಳಿಲ್ಲೇನು?" ಎಂದಳು. "ಆ ಖೋಲಿ ಇಲ್ಲದ ಜಾಗಕ್ಕ ನೀ ಬರದಿ ಅಂದ್ರ ನಾ ನಿನ್ನ ಮುಖ ನೋಡಂಗಿಲ್ಲ." ನಾನು ನಕ್ಕೆ. ಅವಳು ನಗಲಿಲ್ಲ.

ಮೊದಲು ರೈಸ್‌ಮಿಲ್ಲು. ಕಾಲುವೆ ನೀರು ನಂಬಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಮಾಲೀಕರು ತೆಲುಗು ಬೆರೆತ ಕನ್ನಡದಲ್ಲಿ ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ಟಿಸಿ ತೋರಿಸಿದರು. ಟಿಸಿ ಎಂದರೆ ನಮ್ಮ ಕಡೆ ಟ್ರಾನ್ಸ್‌ಫಾರ್ಮರು. ಅಷ್ಟು ದೊಡ್ಡ ಟಿಸಿ ಕಂಡು ನನಗೆ ಸಂತೋಷದಿಂದ ಬಾಯಿ ಒಣಗಿತು. ವಿದ್ಯುತ್ತಿನ ಕಲಮಿನಲ್ಲಿ "ಅತ್ಯುತ್ತಮ" ಎಂದು ಬರೆದು ಎರಡು ಗೆರೆ ಎಳೆದೆ. ಚಿಗವ್ವ ಅಂಗಳದಲ್ಲಿ ನೀಲಿ ಕುರ್ಚಿ ಹಾಕಿ ಕೂತಳು.

"ಅಯ್ಯೋ ಒಳಗೆ ಬಂದು ಕೂಚೋಂಡಮ್ಮಾ, ಎಸಿ ಐತಿ" ಎಂದರು ಮಾಲೀಕರು.

"ಚಾರ್ಜಿಗೆ ಬಂದವರನ್ನೆಲ್ಲಾ ಒಳಗ ಕರೀತೀರೇನ್ರಿ?"

ಮಿಲ್ಲು ಶುರುವಾಯಿತು. ಭತ್ತದ ಹೊಟ್ಟು ಗಾಳಿಗೆ ಎದ್ದು ಅಂಗಳದ ತುಂಬ ಇಳಿಯತೊಡಗಿತು. ಹತ್ತು ನಿಮಿಷಕ್ಕೆ ಚಿಗವ್ವನ ಕಪ್ಪು ಕೂದಲು ಹಳದಿಯಾಯಿತು. ಇಪ್ಪತ್ತು ನಿಮಿಷಕ್ಕೆ ಹುಬ್ಬು ಕಾಣದಾಯಿತು. ಕಾಕಾ ಗಾಜು ಏರಿಸಿಕೊಂಡು ಕಾರಿನೊಳಗಿಂದಲೇ ಹೆಂಡತಿಯ ಸ್ಥಿತಿಯನ್ನು ನೋಟುಬುಕ್ಕಿನಲ್ಲಿ ದಾಖಲಿಸುತ್ತಿದ್ದರು. ನಲವತ್ತನೆಯ ನಿಮಿಷಕ್ಕೆ ಹೊಟ್ಟಿನ ರಾಶಿಯೊಂದು ಎದ್ದು ನಿಂತು ಸೆರಗು ಕೊಡವಿ ಕೇಳಿತು: "ಪಾಯಖಾನಿ ಎಲ್ಲೈತ್ರಿ?"

ಮಾಲೀಕರು ಉದಾರವಾಗಿ ಕೈಚಾಚಿ ಸುತ್ತಲಿನ ಗದ್ದೆಗಳನ್ನೆಲ್ಲ ತೋರಿಸಿದರು. "ಇಷ್ಟು ದೊಡ್ಡ ಗದ್ದೆ ಐತಲ್ಲಮ್ಮಾ, ಎಲ್ಲಾ ನಮ್ದೇ. ಯಾರೂ ಏನೂ ಅನ್ನಲ್ಲ."

"ಅದರಾಗ ಬಾತುಕೋಳಿ ಅದಾವಲ್ರಿ."

"ಅವೂ ಏನೂ ಅನ್ನಲ್ಲಮ್ಮಾ!"

ಹತ್ತಕ್ಕೆ ಸೊನ್ನೆ. ಬೆನ್ನಿನ ಆಸರೆಗೆ ಎರಡು ಕೊಡಬಹುದಿತ್ತಲ್ಲ ಎಂದು ನಾನು ಗೊಣಗಿದ್ದಕ್ಕೆ "ಕುರ್ಚಿ ನಂದು" ಎಂದಳು.

ಮರುದಿನ ಲಿಂಗಸುಗೂರು. ಹೋಟೆಲು ಕಣ್ಣು ಕುಕ್ಕುವಂತಿತ್ತು. ಹುಲ್ಲುಹಾಸು, ಕಾರಂಜಿ, ಬಣ್ಣದ ಛತ್ರಿಗಳು, ಅವುಗಳ ಕೆಳಗೆ ಕಬ್ಬಿಣದ ಕುರ್ಚಿಗಳು. ಚಿಗವ್ವ ಕೂತ ಎರಡೇ ನಿಮಿಷಕ್ಕೆ ನೆರಳಿಗೂ ಆಸರೆಗೂ ಪೂರ್ತಿ ಅಂಕ ಬಿದ್ದವು. ಹಿಂದುಗಡೆ ಬಿಳಿ ಕಲ್ಲು ಹಾಸಿದ ಪಾಯಖಾನೆ, ಬಾಗಿಲ ಮೇಲೆ ಗುಲಾಬಿ ಹಿಡಿದ ಹೆಂಗಸಿನ ಚಿತ್ರ. ಮುಗಿಯಿತಲ್ಲ ಎಂದುಕೊಂಡೆ. ಆದರೆ ಬಾಗಿಲಿಗೆ ಬೀಗವಿತ್ತು.

"ಕೀಲಿ ಮ್ಯಾನೇಜರ್ ಹತ್ರ ಇರ್ತೈತ್ರಿ" ಎಂದ ಕೌಂಟರಿನವನು. "ಅವರು ಹಟ್ಟಿಗೆ ಹೋಗ್ಯಾರ."

"ಯಾವಾಗ ಬರ್ತಾರ?"

"ಸಂಜೀಕ್ರಿ. ಅವರ ಅಳಿಯಗ ಗಣಿಯಾಗ ಮುಂಜಾನಿ ಶಿಫ್ಟು. ಮಧ್ಯಾಹ್ನ ಮನ್ಯಾಗ ಸಿಗ್ತಾನ, ಅದಕ್ಕ ದಿನಾ ಊಟಕ್ಕ ಅಲ್ಲೇ ಹೋಗ್ತಾರ."

"ಕೀಲಿ ಇಲ್ಲೇ ಇಟ್ಟು ಹೋಗಾಕ ಏನಾಗೈತಿ?"

"ಎಲ್ಲಾರಿಗೂ ಬಿಟ್ರ ಹೊಲಸು ಆಗ್ತೈತಲ್ರಿ. ಇನ್ನಾ ಹೊಸಾದು."

ಅಂದರೆ ಲಿಂಗಸುಗೂರಿಗೆ ಬಂದವರು ಅವಸರವಾದರೆ ಚಿನ್ನದ ಗಣಿಯ ಹಟ್ಟಿಯ ತನಕ ಹೋಗಿ, ಮ್ಯಾನೇಜರು ಅಳಿಯನ ಮನೆಯಲ್ಲಿ ಎರಡನೆಯ ರೊಟ್ಟಿ ಮುರಿಯುತ್ತಿರುವಾಗ ಕೀಲಿ ಇಸಿದುಕೊಂಡು ಬರಬೇಕು! ಚಿಗವ್ವ ಹತ್ತಕ್ಕೆ ಐದು ಕೊಟ್ಟಳು. ಪಾಸಾಯಿತಲ್ಲ ಎಂದೆ. "ಪಾಸಾಗಾಕ ಆರು ಬೇಕು" ಎಂದಳು. ನಿಯಮ ಆಗಷ್ಟೇ ಹುಟ್ಟಿತ್ತು.

ವಾಪಸು ಬರುವಾಗ ನಡೆದದ್ದೇ ನಿಜವಾದ ಫಜೀತಿ. ಚಿಗವ್ವನಿಗೆ ಇನ್ನೊಂದು ಕಾಯಿಲೆ ಇದೆ. ರಸ್ತೆ ಬದಿಯಲ್ಲಿ ಕಾಯುತ್ತ ನಿಂತ ಹೆಂಗಸನ್ನು ಕಂಡರೆ ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹಾಗೆ ಹತ್ತಿಸಿಕೊಂಡವರನ್ನು ದಾರಿಯಲ್ಲಿ ಇಳಿಸುವವಳೂ ಅಲ್ಲ. ಊರೊಳಗೆ ಹೋಗಿ, ಮನೆಯ ಕಟ್ಟೆಗೆ ತಾಗಿಸಿ ನಿಲ್ಲಿಸಿ, ಮಗುವಿನ ನಾಲಿಗೆ ನೋಡಿ, ಅತ್ತೆಯನ್ನು ಗದರಿಸಿ ಬರಬೇಕು. ಅವತ್ತು ಹೀಗೆ ಮೂರು ಸಲವಾಯಿತು. ನಾಲ್ಕನೆಯವಳು ಹಸುಗೂಸು ಎತ್ತಿಕೊಂಡ ಬಾಣಂತಿ, ಸಂತೆಕಲ್ಲೂರಿನವಳು. ನನ್ನ ತೊಡೆಯ ಮೇಲೆ ನೀಲಿ ಕುರ್ಚಿ, ಕುರ್ಚಿಯ ಮೇಲೆ ಬಾಣಂತಿಯ ಗಂಟು. ಹೀಗೆ ಸಂತೆಕಲ್ಲೂರು ಮುಟ್ಟುವ ಹೊತ್ತಿಗೆ ಕಾಕಾ ಹಿಂದಿನಿಂದ ಶಾಂತವಾಗಿ ಹೇಳಿದರು:

"ಆರು ಪರ್ಸೆಂಟ್ ಉಳದೈತಿ. ಮಸ್ಕಿ ಮುಟ್ಟಂಗಿಲ್ಲ."

"ಏನ್ ಮಾಡೂದ್ರಿ?" ಎಂದಳು ಚಿಗವ್ವ.

ಕಾಕಾ ಲೆಕ್ಕ ಹಾಕಿದರು. "ಇವನ್ನ ಇಲ್ಲೇ ಇಳಿಸಿದ್ರ ಸ್ವಲ್ಪ ಉಳೀತೈತಿ" ಎಂದರು, ನನ್ನ ಕಡೆ ನೋಡದೆಯೇ. ಮೂವತ್ತು ವರ್ಷ ಗಣಿತ ಕಲಿಸಿದ ಮನುಷ್ಯನಿಗೆ ಸಂಬಂಧಗಳೂ ಬರೀ ತೂಕವಾಗಿ ಕಾಣುತ್ತವೋ ಏನೋ!

ಊರಲ್ಲಿ ದಪ್ಪ ಪ್ಲಗ್ಗು ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ ಮಾತ್ರ. ಜೋಳದ ಡಬ್ಬಿಗಳು ಬಾಗಿಲಿನಿಂದ ರಸ್ತೆಯ ತನಕ ಪಾಳಿ ಹಚ್ಚಿದ್ದವು. ನಮ್ಮ ಕಡೆ ಗಿರಣಿಯಲ್ಲಿ ಜನ ನಿಲ್ಲುವುದಿಲ್ಲ, ಡಬ್ಬಿ ನಿಲ್ಲುತ್ತವೆ. ಜನ ಗೋಡೆಯ ನೆರಳಿಗೆ ಕೂತು ಹರಟುತ್ತಾರೆ. ಗಿರಣಿಯವನು ಪ್ಲಗ್ಗು ಕೊಡಲು ಒಪ್ಪಿದ. ಕಾರಿಗೆ ಸಲಾಯಿನ್ ಹಚ್ಚಿದೆವು. ಗಿರಣಿ ಗಡಗಡ ಎಂದ ಕೂಡಲೆ ವೋಲ್ಟೇಜು ಬಿದ್ದು ಚಾರ್ಜಿಂಗು ನಿಂತಿತು. ಗಿರಣಿ ನಿಲ್ಲಿಸಿದರೆ ಚಾರ್ಜಿಂಗು ಶುರು.

"ಒಂದೋ ಜ್ವಾಳ, ಇಲ್ಲಾ ಕಾರು. ಎರಡೂ ಆಗಂಗಿಲ್ರಿ" ಎಂದ ಗಿರಣಿಯವನು.

"ಹಂಗಾದ್ರ ಪಾಳಿಗೆ ಹಚ್ರಿ" ಎಂದಳೊಬ್ಬ ಮುದುಕಿ. "ನಾವು ಮುಂಜಾನಿಂದ ಕಾಯಾಕತ್ತೀವಿ. ಕಾರು ಬಂತಂತ ಮುಂದ ಬಿಡಾಕ ಬರಂಗಿಲ್ಲ."

ನ್ಯಾಯವಾದ ಮಾತು. ಕಾರನ್ನು ಎಲ್ಲಿ ಪಾಳಿಗೆ ಹಚ್ಚುವುದು? ಚಿಗವ್ವ ಕೊನೆಯ ಡಬ್ಬಿಯ ಹಿಂದೆ ನೀಲಿ ಕುರ್ಚಿ ಇಟ್ಟಳು. ಕುರ್ಚಿ ಕಾರಿನ ಪರವಾಗಿ ಪಾಳಿಯಲ್ಲಿ ನಿಂತಿತು. ಒಂದೊಂದು ಡಬ್ಬಿ ಬೀಸಿದಾಗಲೂ ನಾನು ಎದ್ದು ಹೋಗಿ ಕುರ್ಚಿಯನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸುತ್ತಿದ್ದೆ. ಇಂಜಿನಿಯರಿಂಗ್ ಡಿಪ್ಲೊಮಾದಲ್ಲಿ ಇದನ್ನು ಕಲಿಸಿರಲಿಲ್ಲ. ಕೊನೆಗೆ ಕುರ್ಚಿಯ ಪಾಳಿ ಬಂದಾಗ ಗಿರಣಿಯವನು ಗಂಭೀರವಾಗಿ ಕೇಳಿದ: "ಸಣ್ಣಗ ಬೀಸ್ಲೋ, ತರಿ ಬಿಡ್ಲೋ?"

ಈ ನಡುವೆ ಚಿಗವ್ವ ಹೆಂಗಸರ ಗುಂಪಿನಲ್ಲಿ ಕೂತು ತನ್ನದೇ ಸರ್ವೆ ನಡೆಸಿದ್ದಳು. ನೀವು ಊರ ಹೊರಗೆ ಹೋದಾಗ ಎಲ್ಲಿ ಕಾಯುತ್ತೀರಿ, ಅವಸರವಾದರೆ ಎಲ್ಲಿ ಹೋಗುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ನಾನು ದೂರ ಕೂತು ಕಿವಿ ಮುಚ್ಚಿಕೊಂಡಂತೆ ನಟಿಸುತ್ತಿದ್ದೆ. ಸಿಂಧನೂರಿನ ಹೆಸರು ಬಂದಾಗ ನಕ್ಕರು. ಲಿಂಗಸುಗೂರಿನ ಹೆಸರಿಗೆ ಇನ್ನೂ ಜೋರಾಗಿ ನಕ್ಕರು. ಮಸ್ಕಿ ಎಂದಾಗ ಆ ಮುದುಕಿ ಹೇಳಿದಳು:

"ಮಸ್ಕ್ಯಾಗ ಚಿಂತಿಲ್ಲವ್ವ. ಚಾಚಿ ಖಾನಾವಳಿ ಐತಲ್ಲ. ಉಣ್ಣು, ಬಿಡು, ಕೇಳಂಗಿಲ್ಲ. ಹೆಣ್ಣಮಕ್ಕಳು ಯಾರ ಬಂದ್ರೂ ಒಳಗ ಬಿಡ್ತಾಳ."

"ಯಾವ ಚಾಚಿ?"

"ಅಯ್ಯ, ನೀ ಮಸ್ಕಿಯಾಕಿ, ನಿನಗ ಗೊತ್ತಿಲ್ಲೇನು?"

ನಮ್ಮ ಚಿಗವ್ವನ ಮುಖ ನೋಡಬೇಕಿತ್ತು! ಮೂರು ಊರಿನ ಕೂರುವ ಜಾಗಗಳನ್ನೆಲ್ಲ ಬಲ್ಲವಳು ತನ್ನ ಮನೆಯಿಂದ ಕೂಗಳತೆಯ ಖಾನಾವಳಿಯನ್ನು ಬಲ್ಲವಳಲ್ಲ. ಸ್ವಂತ ಊರಿನಲ್ಲಿ ಯಾರು ಕಾಯುತ್ತಾರೆ ಹೇಳಿ? ಬಸ್ಸಿಳಿದರೆ ಸೀದಾ ಮನೆ. ಮಸ್ಕಿಯ ತನಕ ಅವಳು ಒಂದು ಮಾತೂ ಆಡಲಿಲ್ಲ. ಕಾಕಾ ನೋಟುಬುಕ್ಕಿನಲ್ಲಿ "ಚಾಲಕಿ ಮೌನ" ಎಂದು ಬರೆದುಕೊಂಡರು.

ಚಾಚಿಯ ಖಾನಾವಳಿ ದೊಡ್ಡ ರಸ್ತೆಯ ಮಗ್ಗುಲಿಗೇ ಇತ್ತು. ತಗಡಿನ ಮಾಡು, ಎರಡು ಬೆಂಚು, ಪಕ್ಕದಲ್ಲಿ ಲಾರಿ ತಿರುಗಿಸುವಷ್ಟು ಖಾಲಿ ಅಂಗಳ, ಅಂಗಳದಲ್ಲೊಂದು ಬೇವಿನ ಮರ. ಜಾಗವೂ ಅವಳದೇ. ಹಿಂದೆ ಸುಣ್ಣ ಬಳಿದ ಒಂದು ಖೋಲಿ. ಅದರ ಬಾಗಿಲಿಗೆ ಒಳಗೆ ಮಾತ್ರ ಚಿಲಕವಿತ್ತು, ಹೊರಗೆ ಬೀಗ ಹಾಕುವ ಕೊಂಡಿಯೇ ಇರಲಿಲ್ಲ. ಚಿಗವ್ವ ಬೇವಿನ ಕೆಳಗಿನ ಬೆಂಚಿನಲ್ಲಿ, ಬೊಡ್ಡೆಗೆ ಬೆನ್ನು ಕೊಟ್ಟು, ನಲವತ್ತು ನಿಮಿಷ ಕೂತಳು. ಆ ಹೊತ್ತಿನಲ್ಲಿ ಏಳು ಹೆಂಗಸರು ಚಾಚಿಯನ್ನು ಏನೂ ಕೇಳದೆ ಒಳಗೆ ಹೋಗಿ ಬಂದರು. ಅವರಲ್ಲಿ ಊಟ ಮಾಡಿದವಳು ಒಬ್ಬಳು.

"ಇಷ್ಟು ಮಂದಿ ಬಂದು ಹೋಗ್ತಾರ. ನಿನಗ ತ್ರಾಸ ಆಗಂಗಿಲ್ಲೇನು?" ಎಂದು ಚಿಗವ್ವ ಕೇಳಿದಳು.

"ಕ್ಯಾ ತಕಲೀಫ್ ಬಾಜೀ, ಏನ್ ತ್ರಾಸ ಅಕ್ಕಾ" ಎಂದಳು ಚಾಚಿ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ. "ಎರಡು ಬಕೀಟ ನೀರು ಜಾಸ್ತಿ ಹೊರ್ತೀನಿ, ಅಷ್ಟ. ಕರೆಂಟಿನ ಡಬ್ಬಾ ಇಡ್ತೀರಂದ್ರ ಇಡ್ರಿ. ನನ್ನ ಒಲಿಗೆ ಏನೂ ಆಗಬಾರದು ನೋಡ್ರಿ."

ಹತ್ತಕ್ಕೆ ಹತ್ತು. ಚಿಗವ್ವ ತನ್ನ ಜೀವನದಲ್ಲೇ ಯಾವುದಕ್ಕೂ ಹತ್ತು ಕೊಟ್ಟವಳಲ್ಲ. ಕಾಕಾನಿಗೆ ಕೊಟ್ಟಿರುವುದು ಆರೂವರೆ, ಅದೂ ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ.

ಸಾಹೇಬರಿಗೆ ಫೋನು ಮಾಡಿದೆ. "ಅಲ್ಲಿ ಟ್ರಾನ್ಸ್‌ಫಾರ್ಮರ್ ಹೊಸದಾಗಿ ಹಾಕ್ಬೇಕಾಗುತ್ತಲ್ರೀ. ಯಾಕೆ ಬೇಕು ತಲೆನೋವು? ಆ ಐದನೇ ಕಾಲಮ್ಮು ಏನ್ರೀ ಅದು, ಕುಂದ್ರೂದು ಅಂದ್ರೆ?" ಎಂದರು. ವಿವರಿಸಿದೆ. ಅವರು ಬಹಳ ಹೊತ್ತು ನಕ್ಕರು. "ಲಿಂಗಸುಗೂರು ಹೋಟೆಲ್ಲು ಅಂತ ಬರೀರಿ. ಶುಕ್ರವಾರ ನಾನೇ ಬಂದು ನೋಡಿ ಸೈನ್ ಹಾಕ್ತೀನಿ" ಎಂದರು.

ನಾನು ಲಿಂಗಸುಗೂರು ಎಂದು ಬರೆದೆ. ನೌಕರಿ ಕಾಯಂ ಆಗಬೇಕಿತ್ತು, ನನ್ನ ಬೆನ್ನುಮೂಳೆಗೆ ಅಷ್ಟೇ ತ್ರಾಣ. ಬರೆದದ್ದನ್ನು ಚಿಗವ್ವನಿಗೆ ಹೇಳುವಾಗ ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ನಿನ್ನ ಸಾಹೇಬ್ರು ಶುಕ್ರವಾರ ಬರ್ತಾರೇನು? ಮಧ್ಯಾಹ್ನದ ಊಟಕ್ಕ ಚಾಚಿ ಖಾನಾವಳಿಗೆ ಕರಕೊಂಡ್ ಬಾ. ಆಮ್ಯಾಲೆ ನನ್ನ ಗಾಡಿಯಾಗ ಲಿಂಗಸುಗೂರಿಗೆ ಹೋಗೂಣು" ಎಂದಳು. ಅವಳ ದನಿ ಇಷ್ಟು ಮೆತ್ತಗಿದ್ದಾಗ ಸೂಜಿ ಹತ್ತಿರದಲ್ಲೇ ಇರುತ್ತದೆಂದು ನನಗೆ ಹೊಳೆಯಬೇಕಿತ್ತು.

ಸಾಹೇಬರು ಬಂದರು. ಸಂಭಾವಿತ ಮನುಷ್ಯ. ಚಾಚಿ ಬಿಸಿ ರೊಟ್ಟಿ, ಎಣಗಾಯಿ ಬಡಿಸಿದಳು. ಚಿಗವ್ವ ತನ್ನ ಕೈಯಾರೆ ಶೇಂಗಾ ಹಿಂಡಿ ಹಾಕಿದಳು. ಹಿಂಡಿ ಎಂದರೆ ನಮ್ಮ ಕಡೆ ಚಟ್ನಿಪುಡಿ, ಬೆಂಕಿಯಂಥ ಖಾರ. ಸಾಹೇಬರ ಕಣ್ಣಲ್ಲಿ ನೀರು ಬಂತು. ಚಿಗವ್ವ ಮಜ್ಜಿಗೆ ಕೊಟ್ಟಳು. "ಇನ್ನಷ್ಟು ಹಿಂಡಿ ಹಾಕ್ಕೋರಿ, ಬೆಂಗಳೂರಾಗ ಸಿಗಂಗಿಲ್ಲ." ಮತ್ತೆ ಖಾರ, ಮತ್ತೆ ಮಜ್ಜಿಗೆ. ದೊಡ್ಡ ಸ್ಟೀಲಿನ ಲೋಟದಲ್ಲಿ ನಾಲ್ಕು ಲೋಟ. ಕಾಕಾ ಅದನ್ನೂ ಬರೆದುಕೊಂಡರು. ಊಟ ಮುಗಿದ ಕೂಡಲೆ, ಕೈ ಒರೆಸಿಕೊಳ್ಳುವಷ್ಟರಲ್ಲೇ, ಅವರನ್ನು ಕಾರಿಗೆ ಹತ್ತಿಸಿ ಲಿಂಗಸುಗೂರಿಗೆ ಹೊರಟಳು. ಬ್ಯಾಟರಿ ಉಳಿಸಬೇಕೆಂದು ಎತ್ತಿನ ಗಾಡಿಗೆ ದಾರಿ ಬಿಡುವ ವೇಗದಲ್ಲಿ ಓಡಿಸಿದಳು.

ಹೋಟೆಲಿನ ಛತ್ರಿಯ ಕೆಳಗೆ ಎಲ್ಲರೂ ಕೂತೆವು. "ನಲವತ್ತು ನಿಮಿಷ ಕುಂದ್ರಬೇಕ್ರಿ, ಅಂದ್ರ ತಿಳೀತೈತಿ" ಎಂದಳು. ಹತ್ತು ನಿಮಿಷಕ್ಕೆ ಸಾಹೇಬರು ಕಾಲ ಮೇಲೆ ಕಾಲು ಹಾಕಿದರು. ಹದಿನೈದಕ್ಕೆ ಕಾಲು ಬದಲಿಸಿದರು. ಕಾರಂಜಿ ಒಂದೇ ಸಮನೆ ಸುರಿಯುತ್ತಿತ್ತು, ಅವರು ಅದಕ್ಕೆ ಬೆನ್ನು ಮಾಡಿ ಕೂತರು. ಇಪ್ಪತ್ತಕ್ಕೆ ಎದ್ದು ಹಿಂದುಗಡೆ ಹೋಗಿ, ಹೋದಷ್ಟೇ ಬೇಗ ಬಂದರು.

"ಲಾಕ್ ಆಗಿದೆಯಲ್ರೀ?"

"ಕೀಲಿ ಹಟ್ಟಿಗೆ ಹೋಗೈತ್ರಿ" ಎಂದಳು ಚಿಗವ್ವ.

ಸಾಹೇಬರು ಕಾಂಪೌಂಡಿನಾಚೆಯ ಜಾಲಿಗಿಡಗಳನ್ನು ನೋಡಿದರು. ಚಿಗವ್ವ ತನ್ನ ನೀಲಿ ಕುರ್ಚಿಯನ್ನು ಎತ್ತಿ, ಸರಿಯಾಗಿ ಆ ದಿಕ್ಕಿಗೆ ಮುಖ ಮಾಡಿ ಇಟ್ಟು, ಕೂತಳು.

"ಅಮ್ಮಾ, ನೀವು ಸ್ವಲ್ಪ ಈ ಕಡೆ..."

"ಇರಲಿ ಹೋಗ್ರಿ. ನಾ ಎಷ್ಟೋ ಹೆರಿಗಿ ಮಾಡಿಸಿದಾಕಿ. ನನಗೇನು ನಾಚಿಕಿ ಇಲ್ಲ."

ನಾಚಿಕೆ ಸಾಹೇಬರಿಗಿತ್ತು. ಅವರು ಪಾಪ ಮತ್ತೆ ಕೂತರು. ನನ್ನತ್ತ ನೋಡಿದರು. ನಾನು ಕಾಕಾನತ್ತ ನೋಡಿದೆ. ಕಾಕಾ ನೋಟುಬುಕ್ಕಿನಲ್ಲಿ ಮುಖ ಹುದುಗಿಸಿದ್ದರು, ಭುಜಗಳು ಕುಲುಕುತ್ತಿದ್ದವು. ನಲವತ್ತು ನಿಮಿಷ ಮುಗಿದು ವಾಪಸು ಹೊರಟಾಗ ರಸ್ತೆಯ ಒಂದೊಂದು ಉಬ್ಬಿಗೂ ಸಾಹೇಬರ ಬಾಯಿಂದ ಒಂದೊಂದು ದೇವರ ಹೆಸರು ಬಂತು. ಚಿಗವ್ವ ಯಾವ ಉಬ್ಬನ್ನೂ ತಪ್ಪಿಸಲಿಲ್ಲ.

ಕಾರು ಚಾಚಿಯ ಅಂಗಳದಲ್ಲಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಬಾಗಿಲು ತೆರೆದುಕೊಂಡಿತು, ಸಾಹೇಬರು ಕಾಣಲಿಲ್ಲ! ಅಂಥ ಓಟವನ್ನು ನಾನು ಮೈದಾನದಲ್ಲೂ ಕಂಡಿಲ್ಲ. ಒಳಗಿನ ಚಿಲಕ ಹಾಕಿದ ಸದ್ದು ರಸ್ತೆಗೆ ಕೇಳಿಸಿತು.

ಹೊರಗೆ ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಬೇವಿನ ಕೆಳಗಿನ ಬೆಂಚಿನಲ್ಲಿ ಕೂತರು. ಆಮೇಲೆ ನನ್ನ ಫಾರಮು ಕೇಳಿ ಇಸಿದುಕೊಂಡು ಐದನೆಯ ಕಲಮನ್ನು ಮೇಲಿಂದ ಕೆಳಗೆ ಓದಿದರು. ಚಿಗವ್ವ ಎದುರಿಗೆ ಬಂದು ನಿಂತಳು. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ನಿಮಗ ಒಂದು ದಿನ ಆತ್ರಿ ಸಾಹೇಬ್ರ. ಸಿಟ್ಟಾಗಬ್ಯಾಡ್ರಿ."

"ಇಲ್ಲಮ್ಮ" ಎಂದರು ಅವರು. ಲಿಂಗಸುಗೂರು ಎಂದಿದ್ದ ಕಡೆ ಗೀಟು ಹಾಕಿ, ಮಸ್ಕಿ ಎಂದು ತಮ್ಮ ಕೈಯಿಂದಲೇ ಬರೆದರು. ಹೊಸ ಟಿಸಿಗೆ ಅರ್ಜಿ ಹಾಕಲು ಹೇಳಿದರು. ಹೋಗುವ ಮುಂಚೆ ಮತ್ತೊಮ್ಮೆ ಹಿಂದಿನ ಖೋಲಿಗೆ ಹೋಗಿ ಬಂದರು. ನಾಲ್ಕು ಲೋಟ ಎಂದರೆ ಕಡಿಮೆಯೇನಲ್ಲ.

ಟಿಸಿ ಬಂತು, ಕಂಬ ಬಂತು, ಕೆಲವು ತಿಂಗಳ ಮೇಲೆ ಚಾರ್ಜರೂ ಬಂತು. ಚಾಚಿಯ ಒಲೆಗೆ ಏನೂ ಆಗಲಿಲ್ಲ. ನನ್ನ ನೌಕರಿ ಕಾಯಮಾಯಿತು. ಮೊದಲ ಸಲಾಯಿನ್ ನಮ್ಮ ಚಿಗವ್ವನ ಗಾಡಿಗೇ ಹಚ್ಚಬೇಕೆಂದು ಎಲ್ಲರೂ ಅಂದೆವು. ಅವತ್ತು ಅವಳು ಸಿಂಧನೂರಿಗೆ ಹೋಗಬೇಕಿತ್ತು, ಜೊತೆಯಲ್ಲಿ ಕೆಲಸ ಮಾಡಿದವರೊಬ್ಬರ ಮಗಳ ಸೀಮಂತಕ್ಕೆ. ವಯರು ಸಿಕ್ಕಿಸಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ಬೇವಿನ ಕೆಳಗೆ ಬಂದು ಕೂತಳು. ಬಿಸಿಲು ಜೋರಿತ್ತು. ಚಾಚಿ ಒಂದು ತಂಬಿಗೆ ನೀರು ತಂದುಕೊಟ್ಟಳು.

ಚಿಗವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿನ ಖೋಲಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಎತ್ತಿ ಗಟಗಟ ಕುಡಿಯತೊಡಗಿದಳು. ನಡುವೆ ನಿಲ್ಲಿಸಲಿಲ್ಲ. ನೀರು ಗಲ್ಲದ ಮೇಲೆ ಇಳಿದು ಸೆರಗು ತೊಯ್ಯಿತು. ನಾನು ಏನಾದರೂ ಚೇಷ್ಟೆಯ ಮಾತಾಡಬೇಕೆಂದು ಬಾಯಿ ತೆರೆದೆ. ಕಾಕಾ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. ಅವರ ನೋಟುಬುಕ್ಕು ಮುಚ್ಚಿತ್ತು.

"ಮದುವಿ ಆದಾಗಿಂದ ನೋಡೀನಿ ತಮ್ಮಾ" ಎಂದರು. "ಡ್ಯೂಟಿಗೆ ಹೋಗೂ ದಿನ ಮುಂಜಾನಿಂದ ಸಂಜೀತನಕ ಒಂದು ಗುಟುಕು ನೀರು ಕುಡದಾಕಿ ಅಲ್ಲ ಆಕಿ. ಕುಡದ್ರ ಎಲ್ಲಿ ಹೋಗೂದು? ಬ್ಯಾಸಿಗ್ಯಾಗೂ ಹಂಗ. ಎಷ್ಟೋ ಸಲ ಒಂದಕ್ಕ ಹೋದಾಗ ಉರಿ ಉರಿ ಅಂತ ರಾತ್ರಿಪೂರ ಅಳತಿದ್ಲು. ಮುಂಜಾನೆದ್ದು ಮತ್ತ ಹಂಗ ಹೋಗ್ತಿದ್ಲು."

ನಾನು ಅವಳ ಅಕ್ಕನ ಮಗ. ಚಿಕ್ಕಂದಿನಲ್ಲಿ ಅವಳ ಸೊಂಟದ ಮೇಲೆ ಬೆಳೆದವನು. ಅವಳು ಬಸ್ಸಿನ ಹಾದಿ ಕಾಯುತ್ತ ನಿಂತದ್ದನ್ನು ನೂರು ಸಲ ನೋಡಿದ್ದೇನೆ. ಇದೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳ ಕಲಮನ್ನು ಕಂಡು ನಕ್ಕದ್ದು, ಲಿಂಗಸುಗೂರು ಎಂದು ಬರೆದದ್ದು ಎಲ್ಲ ನೆನಪಾಗಿ ನನಗೆ ಅಲ್ಲೇ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಚಾಚಿಯ ಅಂಗಳದಲ್ಲಿ ನಿಂತು ಅತ್ತೆ.

ಚಿಗವ್ವ ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. ಸಿಂಧನೂರಿಗೆ ಹೊರಡುವ ಹೊತ್ತಾಗುತ್ತಿತ್ತು. ಅವಳಿಗೆ ಅವಸರವಿರಲಿಲ್ಲ.

"ನೀರು ಬಾಳ ತಣ್ಣಗ ಅದಾವ ಚಾಚಿ" ಎಂದಳು. "ಇನ್ನೊಂದು ತಂಬಿಗಿ ಕೊಡು."